ತಾಯಿಯ ಮಡಿಲು, ತಾಯಿಯಿಲ್ಲದ ತೊಟ್ಟಿಲು

ಸಂತರ ಚರಿತ್ರೆಗಳಲ್ಲಿ ಬಾಲ್ಯವು ಬಹುಮಟ್ಟಿಗೆ ಪೀಠಿಕೆಯಾಗಿಯೇ ಉಳಿಯುತ್ತದೆ. ಹುಟ್ಟಿದ ಊರು, ಹೆತ್ತವರ ಭಕ್ತಿ, ಎಳವೆಯಲ್ಲೇ ಕಂಡ ಒಂದೆರಡು ಸದ್ಗುಣಗಳು, ಇಷ್ಟನ್ನು ಹೇಳಿ ಮುಗಿಸಿ ಚರಿತ್ರಕಾರರು ದೀಕ್ಷೆ, ತಪಸ್ಸು, ಸೇವೆ ಮತ್ತು ಪವಾಡಗಳ ಕಡೆಗೆ ಹೊರಳುತ್ತಾರೆ. ಆದರೆ ಒಬ್ಬ ವ್ಯಕ್ತಿ ದೇವರನ್ನು ತಾಯಿಯೆಂದು ಕರೆಯುವುದೋ ತಂದೆಯೆಂದು ಕರೆಯುವುದೋ, ನೋವನ್ನು ಶಿಕ್ಷೆಯೆಂದು ತಿಳಿಯುವುದೋ ಕಾಣಿಕೆಯೆಂದು ಸ್ವೀಕರಿಸುವುದೋ, ಪರರ ಮಕ್ಕಳನ್ನು ತನ್ನ ಮಕ್ಕಳೆಂದು ಭಾವಿಸುವುದೋ ಇಲ್ಲವೋ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋದರೆ, ದಾರಿಯು ಹೆಚ್ಚಿನ ಸಲ ಮಠದ ಬಾಗಿಲಿನಿಂದ ಹಿಂದಕ್ಕೆ, ಮನೆಯ ಜಗಲಿಯ ಕಡೆಗೆ ಸಾಗುತ್ತದೆ. ಅಧ್ಯಾತ್ಮವೆಂಬ ಮಾತನ್ನು ಇಲ್ಲಿ ಬಳಸಿರುವುದು ಈ ಅರ್ಥದಲ್ಲಿಯೇ: ವ್ಯಕ್ತಿಯೊಬ್ಬರು ದೇವರೊಂದಿಗೆ ಇಟ್ಟುಕೊಂಡ ಸಂಬಂಧದ ಬಗೆ, ಅವರ ಪ್ರಾರ್ಥನೆಯ ರೀತಿ, ದುಃಖವನ್ನು ಎದುರಿಸಿದ ಕ್ರಮ ಮತ್ತು ಸುತ್ತಲಿನವರೊಂದಿಗೆ ನಡೆದುಕೊಂಡ ನಡೆ.

ಈ ವಿಚಾರವನ್ನು ಪರಿಶೀಲಿಸಲು ಕೇರಳ ಒಳ್ಳೆಯ ನೆಲ. ಕ್ಯಾಥೋಲಿಕ್ ಧರ್ಮಸಭೆಯಲ್ಲಿ ಒಬ್ಬರನ್ನು ಸಂತರೆಂದು ಸಾರುವ ಮೊದಲು ಅವರ ಬದುಕು, ಬರಹ ಮತ್ತು ಕೀರ್ತಿಯ ಕುರಿತು ದೀರ್ಘ ವಿಚಾರಣೆ ನಡೆಯುತ್ತದೆ. ದೇವರ ಸೇವಕ, ಪೂಜ್ಯ, ಧನ್ಯ ಎಂಬ ಮೂರು ಮೆಟ್ಟಿಲುಗಳನ್ನು ದಾಟಿದ ನಂತರವೇ ಸಂತ ಪದವಿ ದೊರೆಯುತ್ತದೆ. 1986ರ ಫೆಬ್ರವರಿ 8ರಂದು ಪೋಪ್ ಎರಡನೇ ಜಾನ್ ಪಾಲ್ ಅವರು ಕೋಟ್ಟಯಂನಲ್ಲಿ ಒಂದೇ ಪೂಜೆಯಲ್ಲಿ ಇಬ್ಬರನ್ನು ಧನ್ಯರೆಂದು ಸಾರಿದರು: ಒಬ್ಬರು ಕುರಿಯಾಕೋಸ್ ಏಲಿಯಾಸ್ ಚಾವರ (1805–1871), ಇನ್ನೊಬ್ಬರು ಅಲ್ಫೋನ್ಸಾ (1910–1946). ಅಲ್ಫೋನ್ಸಾ ಅವರು 2008ರಲ್ಲಿ ಭಾರತದ ಮೊದಲ ಮಹಿಳಾ ಸಂತರಾದರು. ಚಾವರ ಅವರಿಗೆ 2014ರಲ್ಲಿ ಆ ಪದವಿ ದೊರೆಯಿತು. ಇಬ್ಬರೂ ಸಿರೋ-ಮಲಬಾರ್ ಸಭೆಯವರು, ಅಂದರೆ ಸುರಿಯಾನಿ ಪೂಜಾಪದ್ಧತಿಯ ಪರಂಪರೆಗೆ ಸೇರಿದ ಕೇರಳದ ಪ್ರಾಚೀನ ಕ್ರೈಸ್ತ ಸಮುದಾಯದವರು. ಆದರೆ ಒಬ್ಬರ ಬಾಲ್ಯವು ತಾಯಿಯ ಮಡಿಲಿನಲ್ಲಿ ಅರಳಿದ್ದರೆ, ಇನ್ನೊಬ್ಬರ ಬಾಲ್ಯವು ತಾಯಿಯ ಮುಖವನ್ನೇ ಕಾಣದೆ ಕಳೆಯಿತು.

ಮಡಿಲಿನಲ್ಲಿ ಕಲಿತ ಪ್ರಾರ್ಥನೆ

ಚಾವರ ಅವರು ಹುಟ್ಟಿದ್ದು 1805ರ ಫೆಬ್ರವರಿ 10ರಂದು, ಆಲಪ್ಪುಳದ ಸಮೀಪ ಹಿನ್ನೀರು ಮತ್ತು ಗದ್ದೆಗಳಿಂದ ಸುತ್ತುವರಿದ ಕುಟ್ಟನಾಡಿನ ಕೈನಕರಿ ಎಂಬ ಹಳ್ಳಿಯಲ್ಲಿ. ಆ ವರ್ಷ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನದ ಹಬ್ಬದ ದಿನ, ತಾಯಿ ಮರಿಯಂ ತಮ್ಮ ಏಳು ತಿಂಗಳ ಕೂಸನ್ನು ವೆಚ್ಚೂರಿನ ಮರಿಯಮ್ಮನವರ ದೇವಾಲಯಕ್ಕೆ ಒಯ್ದು ಅಲ್ಲಿ 'ಅಡಿಮ'ಯಾಗಿ ಒಪ್ಪಿಸಿದರು. ಮಗುವನ್ನು ಮರಿಯಮ್ಮನವರ ದಾಸನೆಂದು ಅವರ ಪಾದಕ್ಕೆ ಒಪ್ಪಿಸಿ, ಇನ್ನು ಈ ಮಗುವಿನ ಭಾರ ತಾಯಿಯದೇ ಎಂದು ಬೇಡಿಕೊಳ್ಳುವ ಈ ಹರಕೆಯ ಪದ್ಧತಿ ಕೇರಳದ ಕ್ರೈಸ್ತರಲ್ಲಿ ಇಂದಿಗೂ ಜೀವಂತವಾಗಿದೆ.

ಈ ಪದ್ಧತಿಯ ತಿರುಳನ್ನು ಹತ್ತಿರದಿಂದ ಕಾಣಲು ಕೊಚ್ಚಿಯ ವಲ್ಲಾರ್‌ಪಾಡಂ ದ್ವೀಪದ ದೇವಾಲಯ ತಕ್ಕ ಸ್ಥಳ. 1752ರಲ್ಲಿ ಮೀನಾಕ್ಷಿಯಮ್ಮ ಎಂಬ ನಾಯರ್ ಮನೆತನದ ತಾಯಿಯೊಬ್ಬರು ದೋಣಿ ಮಗುಚಿ ಹಸುಗೂಸಿನೊಂದಿಗೆ ಹಿನ್ನೀರಿನಲ್ಲಿ ಮುಳುಗಿದರೆಂದೂ, ವಲ್ಲಾರ್‌ಪಾಡದ ಮಾತೆಗೆ ಹರಕೆ ಹೊತ್ತು ಮೂರನೆಯ ದಿನ ಮಗುವಿನ ಸಮೇತ ಬದುಕಿ ಬಂದರೆಂದೂ, ಉಳಿದ ಆಯುಷ್ಯವನ್ನೆಲ್ಲ ಆ ದೇವಾಲಯದ ಅಡಿಮಯಾಗಿ ಕಳೆದರೆಂದೂ ಅಲ್ಲಿನ ಐತಿಹ್ಯ ಹೇಳುತ್ತದೆ. ಹರಕೆ ಹೊತ್ತು ಬರುವ ಭಕ್ತರು, ಅವರು ಯಾವ ಮತದವರೇ ಆಗಿರಲಿ, ಪೊರಕೆ ಹಿಡಿದು ದೇವಾಲಯದ ಅಂಗಳ ಗುಡಿಸುವುದು ಅಲ್ಲಿ ಒಂದು ಸೇವೆಯಾಗಿ ಉಳಿದುಬಂದಿದೆ. ಇಂಥ ಅಂಗಳಗಳಲ್ಲಿ ತಾಯಿಯ ಸೆರಗು ಹಿಡಿದು ನಿಂತ ಮಗುವಿಗೆ ಮರಿಯಮ್ಮನವರ ದಾಸ್ಯವು ಯಾವ ಗ್ರಂಥದಿಂದಲೂ ಕಲಿತ ತತ್ತ್ವವಲ್ಲ. ಅದು ಕಣ್ಣೆದುರು ನಡೆಯುವ ಕೆಲಸ.

ಚಾವರ ಅವರ ಬಾಲ್ಯದ ವಿಷಯದಲ್ಲಿ ಅವರದೇ ಸಾಕ್ಷ್ಯ ದೊರೆಯುವುದು ವಿಶೇಷ. ತಮ್ಮ ಬದುಕನ್ನು ದೇವರ ಮುಂದೆ ಪಶ್ಚಾತ್ತಾಪದಿಂದ ಹರಡಿಟ್ಟು ಅವರು ರಚಿಸಿದ 'ಆತ್ಮಾನುತಾಪಂ' ಎಂಬ ಮಲಯಾಳಂ ಕಾವ್ಯದ ಆರಂಭದ ಭಾಗದಲ್ಲೇ ತಾಯಿಯ ಚಿತ್ರ ಬರುತ್ತದೆ. ಹಾಲೂಡುವ ಹೊತ್ತಿನಲ್ಲೇ ದೇವರ ಹೆಸರುಗಳನ್ನು ಕಲಿಸಿದ್ದು, ನಡುರಾತ್ರಿ ಎದ್ದು ಮೊಣಕಾಲೂರಿ ಬಹಳ ಹೊತ್ತು ಪ್ರಾರ್ಥಿಸುತ್ತಿದ್ದ ತಾಯಿಯ ಪಕ್ಕದಲ್ಲಿ ಮಗು ಒರಗಿ ಕೂತಿದ್ದದ್ದು, ಕ್ರಿಸ್ತನ ಕಥೆಯನ್ನು ಬಿಡಿಬಿಡಿಸಿ ಹೇಳಿದ್ದು, ಇವನ್ನೆಲ್ಲ ಕವಿ ನೆನೆಯುತ್ತಾರೆ. ಮುಂದೆ ಗುರುವಾಗಿ, ಸನ್ಯಾಸಿಯಾಗಿ, ಧ್ಯಾನದ ವಿಧಿಗಳನ್ನು ಪಾಂಡಿತ್ಯದಿಂದ ಅರಿತ ಮೇಲೂ ಅವರ ಬರಹಗಳಲ್ಲಿ ಪ್ರಾರ್ಥನೆಯೆಂದರೆ ಹತ್ತಿರ ಕುಳಿತುಕೊಳ್ಳುವುದು, ನೋಡುವುದು, ಅಕ್ಕರೆಯಿಂದ ಮಾತನಾಡುವುದು ಎಂಬ ಭಾವವೇ ಮೇಲುಗೈ ಪಡೆಯುತ್ತದೆ. ದೇವರನ್ನು ಅವರು ಪ್ರೀತಿಯ ಅಪ್ಪನೆಂದು ಮತ್ತೆ ಮತ್ತೆ ಕರೆಯುತ್ತಾರೆ. ಭಯದ ಮುಂದೆ ಸಲುಗೆಯೇ ದೊಡ್ಡದಾಗಿ ನಿಲ್ಲುವ ಈ ಅಧ್ಯಾತ್ಮದ ಮೊದಲ ಪಾಠ ಕೈನಕರಿಯ ಮನೆಯಲ್ಲಿಯೇ ಆಗಿತ್ತೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಆದರೆ ಆ ಮಡಿಲು ಬಹುಕಾಲ ಉಳಿಯಲಿಲ್ಲ. ಹಳ್ಳಿಯ ಆಶಾನ್ ಬಳಿ, ಅಂದರೆ ಮಕ್ಕಳಿಗೆ ಅಕ್ಷರ ತಿದ್ದಿಸುವ ಊರಿನ ಉಪಾಧ್ಯಾಯರ ಬಳಿ, ಓದು ಕಲಿತ ಬಾಲಕ 1818ರಲ್ಲಿ ಪಳ್ಳಿಪ್ಪುರಂ ಗುರುಮಠವನ್ನು ಸೇರಿ ಪಾಲಕ್ಕಲ್ ತೋಮಾ ಮಲ್ಪಾನ್ ಎಂಬ ಗುರುಗಳ ಶಿಷ್ಯನಾದ. ಮಲ್ಪಾನ್ ಎಂದರೆ ಸುರಿಯಾನಿ ಪರಂಪರೆಯಲ್ಲಿ ಗುರುಗಳಾಗಲಿರುವವರಿಗೆ ಬೋಧಿಸುವ ಪಂಡಿತ. ಅಲ್ಲಿ ಓದುತ್ತಿರುವಾಗಲೇ ಊರಿಗೆ ಬಡಿದ ಸಾಂಕ್ರಾಮಿಕ ರೋಗದಲ್ಲಿ ತಂದೆ, ತಾಯಿ ಮತ್ತು ಒಬ್ಬನೇ ಅಣ್ಣ ತೀರಿಕೊಂಡರು. ವಂಶ ಮುಂದುವರಿಯಬೇಕು, ಮನೆಗೆ ಮರಳು ಎಂದು ಬಂಧುಗಳು ಒತ್ತಾಯಿಸಿದರು. ಅಣ್ಣನ ಹೆಂಡತಿ ಮತ್ತು ಎಳೆಯ ಹೆಣ್ಣುಮಗುವಿನ ಹೊಣೆಯೂ ಎದುರಿಗಿತ್ತು. ಆತ ಮನೆಯ ವ್ಯವಹಾರಕ್ಕೆ ಒಂದು ಏರ್ಪಾಡು ಮಾಡಿ ಗುರುಮಠಕ್ಕೇ ಹಿಂದಿರುಗಿದ, 1829ರ ನವೆಂಬರ್ 29ರಂದು ಅರ್ತುಂಕಲ್‌ನಲ್ಲಿ ಗುರುದೀಕ್ಷೆ ಪಡೆದ. 1831ರಲ್ಲಿ ಇಬ್ಬರು ಮಲ್ಪಾನರೊಂದಿಗೆ ಸೇರಿ ಕೋಟ್ಟಯಂ ಹತ್ತಿರದ ಮಾನ್ನಾನಂ ಗುಡ್ಡದ ಮೇಲೆ ಚಾವರ ಅವರು ಸ್ಥಾಪಿಸಿದ ಮಠವೇ ಇಂದಿನ ಸಿಎಂಐ ಸನ್ಯಾಸಿ ಸಂಸ್ಥೆಯ ಮೂಲ. ಬೆಂಗಳೂರಿನ ಧರ್ಮಾರಾಂ ಕಾಲೇಜು ಮತ್ತು ಕ್ರೈಸ್ಟ್ ವಿಶ್ವವಿದ್ಯಾಲಯ ಅದೇ ಸಂಸ್ಥೆಯ ಕೊಡುಗೆಗಳು. 1855ರಲ್ಲಿ ಸನ್ಯಾಸದ ವ್ರತಗಳನ್ನು ಸ್ವೀಕರಿಸುವಾಗ ಅವರು ಆರಿಸಿಕೊಂಡ ಹೆಸರು 'ಪವಿತ್ರ ಕುಟುಂಬದ ಕುರಿಯಾಕೋಸ್ ಏಲಿಯಾಸ್'. ಯೇಸು, ಮರಿಯ ಮತ್ತು ಜೋಸೆಫರ ಮನೆಗೆ ಪವಿತ್ರ ಕುಟುಂಬವೆಂದು ಹೆಸರು. ಸ್ವಂತ ಕುಟುಂಬವನ್ನು ತಾರುಣ್ಯದಲ್ಲೇ ಕಳೆದುಕೊಂಡವರು ಕುಟುಂಬವೆಂಬ ಹೆಸರನ್ನೇ ಆಯ್ದುಕೊಂಡದ್ದು ಅರ್ಥವಿಲ್ಲದ ಸಂಗತಿಯಲ್ಲ.

ಬಾಲ್ಯದಿಂದ ಸಮಾಜಕ್ಕೆ

ಬಾಲ್ಯದ ಪ್ರಭಾವವನ್ನು ಪ್ರಾರ್ಥನೆಯಲ್ಲಿ ಮಾತ್ರ ಹುಡುಕಿದರೆ ಅರ್ಧ ಸತ್ಯವಷ್ಟೇ ಸಿಗುತ್ತದೆ. ಆಶಾನ್ ಬಳಿ ಅಕ್ಷರ ಕಲಿತಿದ್ದ ಚಾವರ ಅವರು 1846ರಲ್ಲಿ ಮಾನ್ನಾನದಲ್ಲಿ ಸಂಸ್ಕೃತ ಶಾಲೆಯನ್ನು ತೆರೆದರು. 1861ರಲ್ಲಿ ಅವರು, ಕೊಚ್ಚಿಗೆ ಸಮೀಪದ ವರಾಪುಳದ ಧರ್ಮಾಧ್ಯಕ್ಷರ ಅಧೀನದಲ್ಲಿದ್ದ ಸುರಿಯಾನಿ ಕ್ರೈಸ್ತರಿಗೆ ಶ್ರೇಷ್ಠ ಗುರುಗಳಾಗಿ, ಅಂದರೆ ಧರ್ಮಾಧ್ಯಕ್ಷರ ಪ್ರತಿನಿಧಿಯಾಗಿ ನೇಮಕಗೊಂಡರು. 1864ರಲ್ಲಿ ಪ್ರತಿಯೊಂದು ದೇವಾಲಯದ ಜೊತೆಗೂ ಒಂದು ಶಾಲೆ ಇರಲೇಬೇಕೆಂಬ ಆಜ್ಞೆ ಹೊರಟಿತು. ಹಸಿದ ಮಕ್ಕಳು ಶಾಲೆಗೆ ಬರಲಾರರೆಂದು ಅರಿತು, ಪ್ರತಿ ಮನೆಯವರೂ ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿಯನ್ನು ಬೇರೆ ಇಟ್ಟು, ಕೂಡಿಬಂದುದನ್ನು ಬಡವರ ಊಟಕ್ಕೆ ಕೊಡುವ 'ಪಿಡಿಯರಿ' ಪದ್ಧತಿಯನ್ನು ಅವರು ಬಳಕೆಗೆ ತಂದರು. ಅವರು ಮಾನ್ನಾನದಲ್ಲಿ ಸ್ಥಾಪಿಸಿದ ಮುದ್ರಣಾಲಯದ ಕಥೆಯೂ ಇದೇ ಹಂಬಲದ ಕವಲು. ತಿರುವಾಂಕೂರು ಸಂಸ್ಥಾನದಲ್ಲಿ ಆಗ ಕೋಟ್ಟಯಂನಲ್ಲಿ ಮಿಷನರಿ ಮುದ್ರಣಾಲಯವೂ ರಾಜಧಾನಿ ತಿರುವನಂತಪುರದಲ್ಲಿ ಸರ್ಕಾರಿ ಮುದ್ರಣಾಲಯವೂ ಇದ್ದವು. ಚಾವರ ಅವರು ತಿರುವನಂತಪುರಕ್ಕೆ ಹೋಗಿ ಯಂತ್ರವನ್ನು ಕಣ್ಣಾರೆ ನೋಡಿ ಬಂದು, ಬಾಳೆದಿಂಡಿನಲ್ಲಿ ಅದರ ಮಾದರಿಯನ್ನು ಕಡೆದು, ಆ ಮಾದರಿಯಂತೆ ಬಡಗಿಯಿಂದ ಮರದ ಯಂತ್ರವನ್ನು ಮಾಡಿಸಿದರೆಂದು ಅವರ ಚರಿತ್ರಕಾರರು ಬರೆಯುತ್ತಾರೆ. 1846ರಲ್ಲಿ ಅಲ್ಲಿಂದ ಹೊರಬಂದ ಮೊದಲ ಪುಸ್ತಕ 'ಜ್ಞಾನಪೀಯೂಷಂ' ಎಂಬ ಪ್ರಾರ್ಥನಾಗ್ರಂಥ. ಮಲಯಾಳಂನ ಹಳೆಯ ಪತ್ರಿಕೆ 'ದೀಪಿಕ' 1887ರಲ್ಲಿ ಹುಟ್ಟಿದ್ದು ಅದೇ ಮುದ್ರಣಾಲಯದಲ್ಲಿ. ತಾಯಿ ಕಿವಿಯಲ್ಲಿ ಹೇಳಿಕೊಟ್ಟ ಪ್ರಾರ್ಥನೆ, ಅಂಥ ತಾಯಿಯಿಲ್ಲದ ಮನೆಗಳಿಗೂ ತಲುಪಲಿ ಎಂಬ ಕಾಳಜಿ ಈ ಶ್ರಮದ ಹಿಂದೆ ಕಾಣುತ್ತದೆ.

ಚಾವರ ಅವರ ಕೊನೆಯ ವರ್ಷಗಳು ಕಳೆದದ್ದು ಕೊಚ್ಚಿಯ ಉತ್ತರಕ್ಕಿರುವ ಕೂನಮ್ಮಾವಿನಲ್ಲಿ. 1871ರ ಜನವರಿ 3ರಂದು ಅವರು ತೀರಿಕೊಂಡದ್ದೂ ಅಲ್ಲಿಯೇ. 1868ರ ಫೆಬ್ರವರಿ 13ರಂದು ಅವರು ಹುಟ್ಟೂರಾದ ಕೈನಕರಿಯ ಜನರಿಗೆ ಒಂದು ದೀರ್ಘ ಪತ್ರ ಬರೆದರು. ಒಳ್ಳೆಯ ಅಪ್ಪನ ಕೊನೆಯ ಮಾತು ಎಂಬರ್ಥದ 'ಒರು ನಲ್ಲ ಅಪ್ಪಂಡೆ ಚಾವರುಳ್' ಎಂಬ ಈ ಪತ್ರದ ಒಂದು ಭಾಗ ಪೂರ್ತಿಯಾಗಿ ಮಕ್ಕಳ ಪಾಲನೆಗೇ ಮೀಸಲು. ಮಕ್ಕಳು ದೇವರು ಹೆತ್ತವರ ಕೈಗೆ ಒಪ್ಪಿಸಿದ ನಿಧಿ. ಮಾತು ಬರುತ್ತಿದ್ದಂತೆಯೇ ಪ್ರಾರ್ಥನೆ ಕಲಿಸಬೇಕು. ವಯಸ್ಸಿಗೆ ಬಂದೊಡನೆ ಶಾಲೆಗೆ ಕಳುಹಿಸಿ ಅವರು ಏನು ಕಲಿಯುತ್ತಾರೆ, ಯಾರೊಂದಿಗೆ ಒಡನಾಡುತ್ತಾರೆ ಎಂದು ವಿಚಾರಿಸಬೇಕು. ಅತಿಯಾದ ಶಿಕ್ಷೆಯೂ ಅತಿಯಾದ ಮುದ್ದೂ ಮಗುವನ್ನು ಕೆಡಿಸುತ್ತವೆ. ಮದುವೆಯ ವಿಷಯದಲ್ಲಿ ಮಕ್ಕಳ ಮನಸ್ಸನ್ನು ಕೇಳಬೇಕು ಎಂಬ ಸೂಚನೆಗಳು ಅದರಲ್ಲಿವೆ. ಕೂಲಿಯಾಳಿನ ಕೂಲಿಯನ್ನು ತಡಮಾಡಬಾರದು ಎಂಬ ಮಾತೂ ಇದೆ. ಅರವತ್ತಮೂರು ವರ್ಷದ ಸನ್ಯಾಸಿ ತನ್ನ ಕಡೆಯ ಮಾತಾಗಿ ಮಕ್ಕಳ ಪಾಲನೆಯನ್ನು ಆರಿಸಿಕೊಂಡದ್ದು, ತನ್ನ ಅಧ್ಯಾತ್ಮದ ಬೇರು ಎಲ್ಲಿದೆ ಎಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು ಎಂಬುದಕ್ಕೆ ಸಾಕ್ಷಿ.

ತಾಯಿಯನ್ನು ಕಾಣದ ಮಗು

ಅಲ್ಫೋನ್ಸಾ ಅವರ ಕಥೆ ಇದಕ್ಕೆ ತೀರ ಭಿನ್ನ. ಕೋಟ್ಟಯಂ ಸಮೀಪದ ಕುಡಮಾಳೂರಿನಲ್ಲಿ 1910ರ ಆಗಸ್ಟ್ 19ರಂದು ದಿನ ತುಂಬುವ ಮೊದಲೇ ಹುಟ್ಟಿದ ಈ ಮಗುವನ್ನು ಮನೆಯವರು ಕರೆದ ಹೆಸರು ಅನ್ನಕುಟ್ಟಿ. ಮೂರು ತಿಂಗಳು ತುಂಬುವಷ್ಟರಲ್ಲಿ ತಾಯಿ ತೀರಿಕೊಂಡರು. ಎಳವೆಯಲ್ಲಿ ಅಜ್ಜಿಯ ಮನೆಯ ಆಸರೆ ದೊರೆಯಿತು. ಸಂತರ ಕಥೆ ಹೇಳಿ, ಸಂಜೆಯ ಪ್ರಾರ್ಥನೆಗೆ ಕೂರಿಸಿ ಮಗುವಿನಲ್ಲಿ ಭಕ್ತಿಯನ್ನು ಬಿತ್ತಿದವರು ಆ ಅಜ್ಜಿ. ಹತ್ತು ವರ್ಷವಾದಾಗ ಮುಟ್ಟುಚಿರದಲ್ಲಿದ್ದ ದೊಡ್ಡಮ್ಮ ಅನ್ನಮ್ಮ ಆಕೆಯನ್ನು ತಮ್ಮ ಮನೆಗೆ ಕರೆದೊಯ್ದರು. ತಂಗಿಯ ಮಗಳನ್ನು ಎಲ್ಲರೂ ಮೆಚ್ಚುವಂಥ ಗೃಹಿಣಿಯಾಗಿ ರೂಪಿಸಬೇಕೆಂಬುದು ದೊಡ್ಡಮ್ಮನ ಪ್ರಾಮಾಣಿಕ ಆಸೆ, ಅದಕ್ಕೆ ಅವರು ಹಿಡಿದ ದಾರಿ ಕಟ್ಟುನಿಟ್ಟಿನ ಶಿಸ್ತು. ಚಿಕ್ಕ ವಯಸ್ಸಿಗೇ ಹೆಣ್ಣುಮಕ್ಕಳ ಮದುವೆ ಮಾಡುವುದು ರೂಢಿಯಾಗಿದ್ದ ಆ ಕಾಲದಲ್ಲಿ ಸಂಬಂಧಗಳು ಒಂದರ ಮೇಲೊಂದು ಬರತೊಡಗಿದವು. 1923ರಲ್ಲಿ, ಮದುವೆಯ ಒತ್ತಾಯದಿಂದ ಪಾರಾಗಲು ಬೇರೆ ದಾರಿ ಕಾಣದೆ, ಹೊಟ್ಟು ಸುಟ್ಟು ಕೆಂಡವಾಗಿದ್ದ ಗುಂಡಿಗೆ ಬಾಲಕಿ ಕಾಲಿಟ್ಟಳು. ಪಾದಗಳು ತೀವ್ರವಾಗಿ ಸುಟ್ಟವು.

ಈ ಘಟನೆಯನ್ನು ಭಕ್ತಿಯ ಸಾಹಸವೆಂದು ಕೊಂಡಾಡುವುದು ತಪ್ಪು. ಹದಿಮೂರು ವರ್ಷದ ಮಗುವಿನ ಮಾತನ್ನು ಕೇಳುವವರು ಮನೆಯಲ್ಲಿ ಯಾರೂ ಇಲ್ಲದಿದ್ದಾಗ ಆಕೆಗೆ ತನ್ನ ದೇಹವೊಂದೇ ಮಾತಾಗಿ ಉಳಿಯಿತು ಎಂಬ ನೋವಿನ ಸತ್ಯ ಇಲ್ಲಿದೆ. ಮಕ್ಕಳ ಮನಸ್ಸನ್ನು ಕೇಳಿರೆಂದು ಚಾವರ ಅವರು ಬರೆದು ಐವತ್ತೈದು ವರ್ಷ ಕಳೆದಿದ್ದರೂ ಆ ಮಾತು ಎಲ್ಲ ಮನೆಗಳನ್ನೂ ಮುಟ್ಟಿರಲಿಲ್ಲ. ಅಲ್ಫೋನ್ಸಾ ಅವರ ಹಿರಿಮೆ ಕಾಣುವುದು ಆ ಗುಂಡಿಯಲ್ಲಲ್ಲ, ಅದರ ನಂತರದ ಬದುಕಿನಲ್ಲಿ. 1927ರಲ್ಲಿ ಭರಣಂಗಾನದ ಕ್ಲಾರಿಸ್ಟ್ ಕನ್ಯಾಮಠವನ್ನು ಸೇರಿ, ಮರುವರ್ಷ ಸಂತ ಅಲ್ಫೋನ್ಸರ ಹಬ್ಬದ ದಿನ ಅವರ ಹೆಸರನ್ನೇ ಪಡೆದು, 1936ರಲ್ಲಿ ಜೀವನಪರ್ಯಂತದ ವ್ರತಗಳನ್ನು ಕೈಗೊಂಡ ಅವರು, ಮೂವತ್ತಾರು ವರ್ಷ ತುಂಬುವ ಮೊದಲೇ 1946ರ ಜುಲೈ 28ರಂದು ತೀರಿಕೊಂಡರು. ಮಠದಲ್ಲಿ ಕಳೆದ ವರ್ಷಗಳ ಬಹುಪಾಲನ್ನು ರೋಗ ನುಂಗಿತು. ಆದರೂ ಅವರ ಪತ್ರಗಳಲ್ಲಿ ಯಾರನ್ನೂ ದೂರುವ ಮಾತಿಲ್ಲ. ನೋವನ್ನು ಅವರು ಯೇಸುವಿನೊಂದಿಗೆ ಹಂಚಿಕೊಳ್ಳುವ ಪ್ರೀತಿಯನ್ನಾಗಿ ಮಾಡಿಕೊಂಡರು. ಅವರ ಸಮಾಧಿಗೆ ಮೊದಮೊದಲು ಓಡಿಬಂದು ಹರಕೆ ಹೇಳಿಕೊಂಡವರು ಅವರ ಅಕ್ಕರೆಯನ್ನು ಕಂಡಿದ್ದ ಊರಿನ ಶಾಲೆಯ ಮಕ್ಕಳು ಎಂಬುದು ಗಮನಾರ್ಹ.

ಅಲ್ಫೋನ್ಸಾ ಅವರಿಗೆ ಆದರ್ಶವಾಗಿದ್ದವರು ಫ್ರಾನ್ಸಿನ ಲಿಸಿಯೂ ಪಟ್ಟಣದ ಸಂತ ತೆರೇಸಾ (1873–1897). ತೆರೇಸಾ ಅವರೂ ನಾಲ್ಕೂವರೆ ವರ್ಷದವರಿದ್ದಾಗ ತಾಯಿಯನ್ನು ಕಳೆದುಕೊಂಡವರು. ತಾಯಿಯ ಸ್ಥಾನದಲ್ಲಿದ್ದ ಅಕ್ಕ ಪೋಲಿನ್ ಕೂಡ ಮಠ ಸೇರಿದಾಗ ಕಂಗೆಟ್ಟು ಹಾಸಿಗೆ ಹಿಡಿದವರು. ಅವರ ಪ್ರಸಿದ್ಧ ಆತ್ಮಕಥೆಯ ಮೊದಲ ಭಾಗ ಹುಟ್ಟಿದ್ದು, ಬಾಲ್ಯದ ನೆನಪುಗಳನ್ನು ಬರೆದಿಡು ಎಂದು ಆಗ ಮಠದ ಮುಖ್ಯಸ್ಥೆಯಾಗಿದ್ದ ಅದೇ ಅಕ್ಕ ಅಪ್ಪಣೆ ಕೊಟ್ಟದ್ದರಿಂದ. ದೊಡ್ಡ ತಪಸ್ಸುಗಳಿಲ್ಲದೆ, ತಂದೆಯ ತೋಳಿನಲ್ಲಿರುವ ಮಗುವಿನಂತೆ ದೇವರನ್ನು ನಂಬಿ, ಸಣ್ಣ ಸಣ್ಣ ಕೆಲಸಗಳನ್ನು ದೊಡ್ಡ ಪ್ರೀತಿಯಿಂದ ಮಾಡುವ 'ಕಿರುದಾರಿ'ಯನ್ನು ತೆರೇಸಾ ಬೋಧಿಸಿದರು. ತಾಯಿಯಿಲ್ಲದ ಕುಡಮಾಳೂರಿನ ಬಾಲಕಿಗೆ, ತಾಯಿಯಿಲ್ಲದ ಇನ್ನೊಬ್ಬ ಬಾಲಕಿ ತೋರಿದ ದಾರಿ ತನ್ನದೆನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಮನಶ್ಶಾಸ್ತ್ರದ ಎರಡು ಉತ್ತರಗಳು

ಬಾಲ್ಯ ಮತ್ತು ಭಕ್ತಿಯ ಸಂಬಂಧವನ್ನು ಮನಶ್ಶಾಸ್ತ್ರಜ್ಞರೂ ಪರಿಶೀಲಿಸಿದ್ದಾರೆ. ಮಗುವಿಗೂ ಅದನ್ನು ಸಾಕುವವರಿಗೂ ನಡುವೆ ಬೆಳೆಯುವ ಬೆಸುಗೆಯೇ ಮುಂದಿನ ಎಲ್ಲ ಸಂಬಂಧಗಳಿಗೆ ಅಚ್ಚಾಗುತ್ತದೆ ಎಂದು ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ಪ್ರತಿಪಾದಿಸಿದರು. ಇದನ್ನು ಮುಂದುವರಿಸಿ ಅಮೆರಿಕದ ಲೀ ಕಿರ್ಕ್‌ಪ್ಯಾಟ್ರಿಕ್ ಮತ್ತು ಫಿಲಿಪ್ ಶೇವರ್ ಅವರು 1990ರಲ್ಲಿ ಎರಡು ಊಹೆಗಳನ್ನು ಮಂಡಿಸಿದರು. ಮೊದಲನೆಯದು ಹೊಂದಿಕೆಯ ಊಹೆ: ಹೆತ್ತವರಲ್ಲಿ ಭದ್ರತೆ ಕಂಡ ಮಗು ಅದೇ ವಿಶ್ವಾಸವನ್ನು ದೇವರಲ್ಲಿಯೂ ಇಡುತ್ತದೆ. ಎರಡನೆಯದು ಪರಿಹಾರದ ಊಹೆ: ಮನೆಯಲ್ಲಿ ಭದ್ರತೆ ಸಿಗದ ಮಗು ಆ ಕೊರತೆಯನ್ನು ದೇವರಲ್ಲಿ ತುಂಬಿಕೊಳ್ಳುತ್ತದೆ. ಚಾವರ ಅವರ ಬದುಕು ಮೊದಲ ಊಹೆಗೆ, ಅಲ್ಫೋನ್ಸಾ ಅವರ ಬದುಕು ಎರಡನೆಯದಕ್ಕೆ ನಿದರ್ಶನವೆಂದು ಹೇಳಿಬಿಡುವುದು ಸುಲಭ.

ಆದರೆ ಬದುಕು ಊಹೆಗಳಿಗಿಂತ ಹಿರಿದು. ಚಾವರ ಅವರಿಗೆ ತುಂಬಿದ ಮಡಿಲೂ ಸಿಕ್ಕಿತ್ತು, ಅನಾಥತ್ವದ ನೋವೂ ತಗಲಿತ್ತು. 1869ರಲ್ಲಿ ಕೈನಕರಿಯಲ್ಲಿ ದಿಕ್ಕಿಲ್ಲದ ರೋಗಿಗಳಿಗಾಗಿ ಅವರ ಪ್ರೇರಣೆಯಿಂದ ತೆರೆದ 'ಉಪವಿಶಾಲ' ಎಂಬ ಆಶ್ರಯದ ಹಿಂದೆ, ರೋಗದಲ್ಲಿ ಕಳೆದುಹೋದ ತಮ್ಮವರ ನೆನಪೂ ಇದ್ದಿರಬಹುದು. ಅಲ್ಫೋನ್ಸಾ ಅವರಿಗೆ ತಾಯಿ ಇರಲಿಲ್ಲ, ಆದರೆ ಅಜ್ಜಿ ಇದ್ದರು. ಪೂರ್ಣ ಕತ್ತಲೆಯಲ್ಲಿ ಬೆಳೆದ ಮಗು ಅದಲ್ಲ. ಇದಲ್ಲದೆ, ಬಾಲ್ಯದಲ್ಲಿ ಯಾವ ಸುಳಿವೂ ಇಲ್ಲದೆ ನಡುವಯಸ್ಸಿನಲ್ಲಿ ತಿರುಗಿದ ಬದುಕುಗಳೂ ಉಂಟು. ತಿರುವನಂತಪುರದ ದಕ್ಷಿಣಕ್ಕಿರುವ ನಟ್ಟಾಲಂನ ಹಿಂದೂ ಮನೆತನದಲ್ಲಿ 1712ರಲ್ಲಿ ಹುಟ್ಟಿ, ತಿರುವಾಂಕೂರು ಅರಮನೆಯ ಅಧಿಕಾರಿಯಾಗಿದ್ದ ದೇವಸಹಾಯಂ ಪಿಳ್ಳೆ ಅವರು ಡಚ್ ಸೇನಾನಿ ಡಿ ಲನ್ನಾಯ್ ಅವರಿಂದ ಬೈಬಲಿನ ಯೋಬನ ಕಥೆಯನ್ನು ಕೇಳಿ, 1745ರಲ್ಲಿ ದೀಕ್ಷಾಸ್ನಾನ ಪಡೆದು, ಸೆರೆ ಮತ್ತು ಹಿಂಸೆಗಳನ್ನು ಸಹಿಸಿ 1752ರಲ್ಲಿ ಪ್ರಾಣ ಕೊಟ್ಟರು. 2022ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು. ಬಾಲ್ಯವೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನುವವರು ಈ ಬದುಕಿಗೂ ಉತ್ತರ ಹೇಳಬೇಕಾಗುತ್ತದೆ.

ಕೂನಮ್ಮಾವಿನ ಇನ್ನೊಂದು ಚರಿತ್ರೆ ಇಲ್ಲಿ ದಾರಿ ತೋರುತ್ತದೆ. ಕೊಚ್ಚಿಯ ವೈಪಿನ್ ದ್ವೀಪದ ಓಚಂತುರುತ್ತಿನಲ್ಲಿ 1831ರಲ್ಲಿ ಎಂಟು ಮಕ್ಕಳಲ್ಲಿ ಹಿರಿಯವರಾಗಿ ಹುಟ್ಟಿದ ಎಲಿಶ್ವಾ ಅವರು ಹದಿನಾರಕ್ಕೆ ಮದುವೆಯಾಗಿ, ಇಪ್ಪತ್ತರ ಆಸುಪಾಸಿನಲ್ಲೇ ವಿಧವೆಯಾಗಿ, ಮರುಮದುವೆಗೆ ಒಪ್ಪದೆ, ಪುಟ್ಟ ಮಗಳು ಅನ್ನಾಳನ್ನು ಸಾಕುತ್ತಾ ಪ್ರಾರ್ಥನೆ ಮತ್ತು ಬಡವರ ಸೇವೆಯಲ್ಲಿ ಹತ್ತಾರು ವರ್ಷ ಕಳೆದರು. 1866ರ ಫೆಬ್ರವರಿ 13ರಂದು ಕೂನಮ್ಮಾವಿನಲ್ಲಿ ಬಿದಿರಿನ ತಟ್ಟಿಗಳಿಂದ ಕಟ್ಟಿದ ಪುಟ್ಟ ಮಠದಲ್ಲಿ ಕೇರಳದ ಮೊದಲ ದೇಶೀಯ ಕನ್ಯಾಸ್ತ್ರೀ ಸಂಸ್ಥೆ ಆರಂಭವಾದಾಗ ಅವರ ಜೊತೆಗಿದ್ದವರು ತಂಗಿ ತ್ರೇಸ್ಯಾ ಮತ್ತು ಮಗಳು ಅನ್ನಾ. ಚಾವರ ಅವರು ಮತ್ತು ಇಟಲಿಯ ಗುರು ಲಿಯೋಪೋಲ್ಡ್ ಬೆಕ್ಕಾರೋ ಈ ಕೆಲಸಕ್ಕೆ ಬೆಂಬಲವಾಗಿ ನಿಂತರು. ತಾಯಿಯ ಬದುಕನ್ನು ನೋಡುತ್ತಲೇ ಬೆಳೆದ ಮಗಳು ಅದೇ ದಾರಿಯನ್ನು ತನ್ನದಾಗಿಸಿಕೊಂಡಳು. 2025ರ ನವೆಂಬರ್ 8ರಂದು ವಲ್ಲಾರ್‌ಪಾಡಂನಲ್ಲಿ ಎಲಿಶ್ವಾ ಅವರನ್ನು ಧನ್ಯರೆಂದು ಸಾರಲಾಯಿತು.

ಈ ಬದುಕುಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಬಾಲ್ಯವು ಯಾರನ್ನೂ ಸಂತರನ್ನಾಗಿ ಮಾಡುವುದಿಲ್ಲ. ದೇವರೊಂದಿಗೂ ಮನುಷ್ಯರೊಂದಿಗೂ ಮಾತನಾಡುವ ಭಾಷೆಯನ್ನು ಅದು ಕೊಡುತ್ತದೆ. ಆ ಭಾಷೆಯಲ್ಲಿ ಏನು ಹೇಳಬೇಕೆಂಬುದನ್ನು ವ್ಯಕ್ತಿ ಬೆಳೆದ ಮೇಲೆ ತಾನೇ ಆರಿಸಿಕೊಳ್ಳಬೇಕು. ಚಾವರ ಅವರು ಪಡೆದದ್ದನ್ನು ತಮ್ಮೊಳಗೇ ಇಟ್ಟುಕೊಳ್ಳದೆ ಶಾಲೆಯಾಗಿ, ಅನ್ನವಾಗಿ, ಅಚ್ಚಾದ ಪುಸ್ತಕವಾಗಿ ಊರಿಗೆಲ್ಲ ಹಂಚಿದರು. ಅಲ್ಫೋನ್ಸಾ ಅವರು ತಮಗೆ ಸಿಗದ ಮೃದುತ್ವವನ್ನು ಇತರರಿಗೆ ಕೊಟ್ಟರು. ಪಡೆದುದನ್ನು ಹಂಚುವುದು ದೊಡ್ಡದು, ಪಡೆಯದುದನ್ನು ಕೊಡುವುದು ಇನ್ನೂ ದೊಡ್ಡದು.

ಹೆತ್ತವರಿಗೆ, ಸಾಕುವ ಅಜ್ಜ ಅಜ್ಜಿಯರಿಗೆ, ಶಿಕ್ಷಕರಿಗೆ ಈ ಚರಿತ್ರೆಗಳಲ್ಲಿ ನೇರವಾದ ಪಾಠವಿದೆ. ಮಗುವಿಗೆ ಧರ್ಮವನ್ನು ಬೋಧಿಸುವುದಕ್ಕಿಂತ ಮೊದಲು ಅದರ ಎದುರಿನಲ್ಲಿ ಧರ್ಮವನ್ನು ಬದುಕಬೇಕು; ಅದರ ಮಾತಿಗೆ ಕಿವಿಗೊಡಬೇಕು; ಅದರ ಮೇಲೆ ತಮ್ಮ ಆಸೆಗಳನ್ನು, ಎಷ್ಟೇ ಪ್ರಾಮಾಣಿಕವಾದ ಆಸೆಗಳಾದರೂ, ಹೇರಬಾರದು. ಹೆತ್ತವರನ್ನು ಕಳೆದುಕೊಂಡ ಮಗು ನೆರೆಹೊರೆಯಲ್ಲಿದ್ದರೆ ಅದಕ್ಕೆ ಕಥೆ ಹೇಳುವ ಒಬ್ಬ ಅಜ್ಜಿಯಾದರೂ ಸಿಗುವಂತೆ ನೋಡಿಕೊಳ್ಳುವುದು ಇಡೀ ಊರಿನ ಹೊಣೆ. ಆ ಹೊಣೆಯನ್ನು ಹೊರಲು ಯಾರೂ ಸಂತರಾಗಬೇಕಿಲ್ಲ.